ನಾನು ಸತ್ತ ಭಾನುವಾರ

ಮಡಗಾಂವಿನ ಮೋತಿ ಡೊಂಗರಿನಲ್ಲಿ ವಾಸವಾಗಿರುವ ಗುರುಲಿಂಗ ಎಂಬ ನಾನು, ವಯಸ್ಸು ಅರವತ್ತೊಂದು, ಕುಂಡಯಿಯ ಸಾಬೂನು ಫ್ಯಾಕ್ಟರಿಯ ನಿವೃತ್ತ ವಾಚ್‌ಮನ್ (ಗೇಟಿನ ಮಟ್ಟಿಗೆ ನಾನೇ ಮ್ಯಾನೇಜರು), ಈ ಮೂಲಕ ಓದುಗರಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ನಾನು ಸತ್ತರೆ ನನಗಾಗಿ ಅಳುವವರು ಯಾರೂ ಇಲ್ಲ.

ಅಯ್ಯೋ ಪಾಪ, ಹೆಂಡತಿ ಇಲ್ಲವೇ ಎಂದು ನೀವು ಕೇಳಬಹುದು. ಇದ್ದಾಳೆ. ತಕರಾರು ಶುರುವಾಗುವುದೇ ಅಲ್ಲಿಂದ.

ನಮ್ಮ ಮುದ್ದೇಬಿಹಾಳದ ಕಡೆ ಸತ್ತವರ ಮುಂದೆ ಹೆಂಗಸರು ಸುಮ್ಮನೆ ಕಣ್ಣೀರು ಸುರಿಸಿ ಎದ್ದು ಬರುವುದಿಲ್ಲ. ಹಾಡ್ಯಾಡಿ ಅಳುತ್ತಾರೆ. ಸತ್ತವನು ಏನು ಉಡುತ್ತಿದ್ದ, ಏನು ಉಣ್ಣುತ್ತಿದ್ದ, ಯಾವ ಎತ್ತು ಅವನಿಗೆ ಪ್ರೀತಿ, ಯಾರ ಮೇಲೆ ಸಿಟ್ಟು, ಎಲ್ಲವನ್ನೂ ರಾಗದಲ್ಲಿ ಎಳೆದೆಳೆದು ಹೇಳಬೇಕು. ಗೋವಾಕ್ಕೆ ಬಂದು ಗಾರೆ, ಕಲ್ಲು, ಮೂಟೆ ಹೊತ್ತುಕೊಂಡಿರುವ ನಮ್ಮ ಜನರಲ್ಲಿ ಈ ವಿದ್ಯೆ ಬಲ್ಲವರು ಈಗ ಕಡಿಮೆ. ಇದ್ದವರಲ್ಲಿ ಸಾಮ್ರಾಜ್ಞಿ ಎಂದರೆ ನನ್ನ ಹೆಂಡತಿ ಸುಂದರವ್ವ. ವಾಸ್ಕೋದಲ್ಲಿ ಸತ್ತರೂ ಈಕೆಗೆ ಕರೆ, ಪೊಂಡಾದಲ್ಲಿ ಸತ್ತರೂ ಈಕೆಗೆ ಕರೆ. ಸುಂದರವ್ವ ಬರುವವರೆಗೆ ಹೆಣ ಎತ್ತುತ್ತಿರಲಿಲ್ಲ.

ನಮ್ಮ ಓಣಿಯ ಅಪ್ಪಾಸಾಬ ಸತ್ತಾಗ ಎಲ್ಲರಿಗೂ ಪೇಚಾಟ. ಆ ಮನುಷ್ಯ ಕುಡಿದು ಈ ಗಟಾರದಿಂದ ಆ ಗಟಾರದವರೆಗೆ ತೂರಾಡುವುದನ್ನು ಬಿಟ್ಟು ಬೇರೇನನ್ನೂ ಮಾಡಿದವನಲ್ಲ. ಇವನ ಬಗ್ಗೆ ಏನಂತ ಅಳುವುದು? ಸುಂದರವ್ವ ಸೆರಗು ಸರಿಮಾಡಿಕೊಂಡು ಕೂತವಳೇ ಎತ್ತಿದಳು: "ಬೀದಿ ತುಂಬ ಬರುತಿದ್ದೆಲ್ಲೋ ನನ್ನಣ್ಣಾ, ಓಣಿಗೆ ಓಣೀನೇ ಬಿಕೋ ಅಂತೈತೋ!" ಅವನಿಂದ ದಿನಾ ಬೈಸಿಕೊಂಡಿದ್ದ ಪಕ್ಕದ ಮನೆಯವರು ಕೂಡ ಗೊಳೋ ಎಂದು ಅತ್ತರು. ಅಪ್ಪಾಸಾಬನಿಗೇ ಇಷ್ಟು ವೈಭವವಾದರೆ, ಚಹಾ ಬಿಟ್ಟು ಬೇರೆ ಚಟವಿಲ್ಲದ ನನಗೆ ಇನ್ನೆಷ್ಟಾಗಬೇಕು ಎಂದು ನಾನು ಒಳಗೊಳಗೇ ಲೆಕ್ಕ ಹಾಕಿದ್ದೆ. ನನ್ನ ಸಾವಿನ ಬಗ್ಗೆ ನನಗೆ ಭಯವಿರಲಿಲ್ಲ. ಒಂದು ತರಹದ ಕುತೂಹಲವೇ ಇತ್ತು.

ಹೀಗಿರುವಾಗ ಹೋದ ವರ್ಷ ಸುಂದರವ್ವನ ದನಿ ಒಡೆಯಿತು. ಶುಂಠಿ ಕಷಾಯ ಕುಡಿದಳು, ಉಪ್ಪುನೀರು ಮುಕ್ಕಳಿಸಿದಳು, ಕಡೆಗೆ ದೊಡ್ಡಾಸ್ಪತ್ರೆಗೆ ಹೋದೆವು. ಮೂಗಿನೊಳಗಿಂದ ಕೊಳವೆ ಇಳಿಸಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹದಿನೈದು ದಿನ ಬಿಟ್ಟು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ, ಅರ್ಧ ಕೊಂಕಣಿ ಅರ್ಧ ಹಿಂದಿಯಲ್ಲಿ ಬಹಳ ಮೆಲ್ಲಗೆ ಹೇಳಿದರು. ಗಂಟಲಿನ ದನಿಪೆಟ್ಟಿಗೆಯಲ್ಲಿ ಗಡ್ಡೆ ಇದೆ. ಪೆಟ್ಟಿಗೆಯನ್ನೇ ತೆಗೆಯಬೇಕು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಮುಂದಿನ ತಿಂಗಳ ಎರಡನೇ ಗುರುವಾರ.

ಇಂಥ ಹೊತ್ತಿನಲ್ಲಿ ಒಬ್ಬ ಗಂಡ ಏನು ಹೇಳಬೇಕು? ಹೆಂಡತಿಯ ಕೈ ಹಿಡಿದು 'ನಾನಿದ್ದೇನೆ' ಎನ್ನಬೇಕು. ನನ್ನ ಬಾಯಿಂದ ಬಂದದ್ದು ಇದು:

"ಹಂಗಾರ ನನಗ ಯಾರ ಅಳಬೇಕು?"

ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ, ದೇವರು ದೊಡ್ಡವನು. ಸುಂದರವ್ವ ನನ್ನನ್ನು ಒಮ್ಮೆ ನೋಡಿದಳು. ಬಸ್ಸು ಹತ್ತಿ ಮಡಗಾಂವಿಗೆ ಬಂದೆವು. ಇಳಿದ ಮೇಲೆ ಒಡಕು ದನಿಯಲ್ಲಿ ಅಂದಳು: "ನನ್ನ ಕುತ್ತಿಗಿ ಕೊಯ್ತಾರಂತ, ನಿಮಗ ನಿಮ್ಮ ಹೆಣದ ಚಿಂತಿ. ನಡೀರಿ, ರೊಟ್ಟಿ ಬಡೀಬೇಕು."

ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಚಿಂತೆಯೂ ಖರೇ. ಇರುವ ಒಬ್ಬ ಮಗಳು ಸೀಮಾ ವಾಳಪೈಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಅವಳಿಗೆ ಹಾಡ್ಯಾಡಿ ಅಳಲು ಬರುವುದಿಲ್ಲ. ಸ್ವಂತ ಅಜ್ಜಿ ಸತ್ತಾಗ ಮೊಬೈಲಿನಲ್ಲಿ ಐದು ಅಳುವ ಮುಖ ಕಳಿಸಿದವಳು. ನನಗೆ ಆರು ಕಳಿಸಿಯಾಳು.

ಆಗ ನನಗೆ ಹೊಳೆದದ್ದು ಅಶ್ವಿನಿ ಬಾಯಿಯ ಯಂತ್ರ.

ಅಶ್ವಿನಿ ಬಾಯಿ ಮಡಗಾಂವಿನ ಬಟ್ಟೆ ವ್ಯಾಪಾರಿ ಸೋಮಲಿಂಗಪ್ಪನವರ ಮಗಳು. ಮೂಲ ಬೆಳಗಾವಿಯವರು. ಮದುವೆ ಗೊಡವೆಗೆ ಹೋಗದೆ ಬೋರ್ಡಾದ ಒಂದು ಹಳೆಯ ಮನೆಯಲ್ಲಿ ಒಬ್ಬಳೇ ಇದ್ದು ಹಾಡುತ್ತಾಳೆ, ಹಾಡು ಕಟ್ಟುತ್ತಾಳೆ. ಸುಂದರವ್ವ ನಾಲ್ಕು ವರ್ಷದಿಂದ ಅಲ್ಲಿ ಅಡುಗೆ ಮತ್ತು ಕಸದ ಕೆಲಸಕ್ಕಿದ್ದಾಳೆ. ಹಾಡು ಎಂದರೆ ನೀವು ತಂಬೂರಿ, ತಬಲಾ ಎಂದುಕೊಳ್ಳಬೇಡಿ. ನೆಲದ ತುಂಬ ವೈರು. ವೈರಿನ ಕೊನೆಗೆ ಮಿಣಿಮಿಣಿ ದೀಪದ ಡಬ್ಬಿಗಳು. ಅಶ್ವಿನಿ ಬಾಯಿ ಮೈಕಿನ ಮುಂದೆ "ಆ" ಎನ್ನುತ್ತಾಳೆ, ಕಾಲಿನಿಂದ ಒಂದು ಗುಂಡಿ ಒತ್ತುತ್ತಾಳೆ, ಅಷ್ಟೇ. ಆಕೆ ಬಾಯಿ ಮುಚ್ಚಿದರೂ ಡಬ್ಬಿ "ಆ" ಅನ್ನುತ್ತಲೇ ಇರುತ್ತದೆ. ಅದರ ಮೇಲೆ ಆಕೆ "ಊ" ಸೇರಿಸುತ್ತಾಳೆ, ಅದರ ಮೇಲೆ ಒಂದು ನರಳಾಟ, ಅದರ ಮೇಲೆ ತೆಂಗಿನಕಾಯಿ ತುರಿಯುವ ಸದ್ದು. ಹತ್ತು ನಿಮಿಷದಲ್ಲಿ ಮನೆಯೊಳಗೆ ಇಪ್ಪತ್ತು ಹೆಂಗಸರು. ಮೊದಲ ಸಲ ಹೋದಾಗ ನಾನು ಪರದೆ ಸರಿಸಿ ಉಳಿದ ಹತ್ತೊಂಬತ್ತು ಜನರನ್ನು ಹುಡುಕಿದ್ದೆ.

ಒಂದು ದಿನ ಸುಂದರವ್ವ ಅಡುಗೆಮನೆಯಿಂದ "ಹಾಲ ಉಕ್ಕತೋ!" ಎಂದು ಕೂಗಿದ್ದು ಆ ಡಬ್ಬಿಯೊಳಗೆ ಸಿಕ್ಕಿಬಿತ್ತು. ನಾನು ಅಂಗಳದಲ್ಲಿ ಕೂತವನು ಹನ್ನೊಂದು ಸಲ ಎದ್ದು ಒಲೆಯತ್ತ ಓಡಿದೆ.

"ಸುಂದ್ರಕ್ಕ, ನಿಮ್ಮ ದನಿಯಾಗ ನನ್ನ ಎಲ್ಲಾ ಮಷೀನಕಿಂತ ಹೆಚ್ಚು ಐತಿ. ಒಮ್ಮಿ ಹಾಡ್ಯಾಡಿ ಅಳ್ರೆಲಾ," ಎಂದು ಬಾಯಿ ನಾಲ್ಕು ವರ್ಷದಿಂದ ದುಂಬಾಲು ಬಿದ್ದಿದ್ದಳು. ಸುಂದರವ್ವ ಒಪ್ಪಿರಲಿಲ್ಲ. "ಹೆಣ ಇಲ್ಲದ ಮನ್ಯಾಗ ಅತ್ತರ ಛಲೋ ಅಲ್ಲವ್ವಾ," ಎನ್ನುತ್ತಿದ್ದಳು.

ನನ್ನ ಯೋಜನೆ ಸರಳ. ದನಿ ಹೋಗುವ ಮೊದಲು ಸುಂದರವ್ವ ನನ್ನನ್ನು ಮುಂಗಡವಾಗಿ ಅತ್ತುಬಿಡಬೇಕು. ಯಂತ್ರ ಅದನ್ನು ಇಟ್ಟುಕೊಳ್ಳಬೇಕು. ಕಾಲ ಬಂದಾಗ ಯಾರಾದರೂ ಗುಂಡಿ ಒತ್ತಿದರೆ ಆಯಿತು. ಜೊತೆಗೆ (ಇದು ಯಾರಿಗೂ ಸಿಕ್ಕಿರದ ಭಾಗ್ಯ) ನಾನೂ ಅದನ್ನು ಕೇಳಬಹುದು. ಮನೆಯಲ್ಲಿ ಕೂತು ನನ್ನ ಸದ್ಗುಣಗಳ ಒಂದು ಪಟ್ಟಿಯನ್ನೂ ಮಾಡಿದೆ. ಮೊದಲನೆಯದು: ಇಪ್ಪತ್ತಾರು ವರ್ಷ ಗೇಟಿನಲ್ಲಿ ಒಂದೇ ಒಂದು ದಿನ ರಜೆ ಹಾಕದವನು. ಹದಿನಾಲ್ಕನೆಯದು: ಹೆಂಡತಿಯ ಮೇಲೆ ಕೈ ಎತ್ತದವನು. ನಡುವೆ ಹನ್ನೆರಡು ಇದ್ದವು, ಎಲ್ಲವೂ ಒಳ್ಳೆಯವೇ.

ಪಟ್ಟಿಯನ್ನು ಅಶ್ವಿನಿ ಬಾಯಿಗೆ ಕೊಟ್ಟೆ. ಆಕೆ ಓದಿ ತಲೆ ಎತ್ತಿದಳು. ಆಕೆಯ ಕಣ್ಣು ಕೆಂಪಾಗಿದ್ದವು. ನನ್ನ ಗುಣಗಳಿಗೆ ಮನಸೋತಳೆಂದೇ ತಿಳಿದೆ.

"ಕಾಕಾ, ಗುರುವಾರ ಆದಮ್ಯಾಲೆ ಸುಂದ್ರಕ್ಕ ನನ್ನನ್ನ ಹೆಸರ ಹಿಡಿದು ಕರಿಯೂದೂ ಇಲ್ಲ. ನಿಮಗ ಇದ ಬೇಕೇನ್ರಿ?" ಅಂದಳು. ಆಮೇಲೆ ಅಂದಳು: "ಅವರು ಹೂಂ ಅಂದ್ರ ಮಾಡೂಣು. ಭಾನುವಾರ ನನ್ನ ಕಾರ್ಯಕ್ರಮ ಐತಿ, ಅಲ್ಲೇ."

ಸುಂದರವ್ವ ಒಪ್ಪುವುದಿಲ್ಲ ಎಂದೇ ಅಂದುಕೊಂಡಿದ್ದೆ. ಹಿಟ್ಟು ನಾದುತ್ತಿದ್ದವಳು ತಲೆ ಎತ್ತದೆ ಕೇಳಿದಳು: "ಹೆಣ?"

"ಯಾವ ಹೆಣ?"

"ಮುಂದ ಹೆಣ ಇಲ್ಲದ ನನಗ ಅಳು ಬರಂಗಿಲ್ಲ. ನೀವು ಕುಂದರ್ತೀರೇನು?"

ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಮೈತೊಳೆದು, ಹಣೆಗೆ ವಿಭೂತಿ ಬಳಿದು, ಹೂವಿನ ಹಾರ ಹಾಕಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕೂರುವ ಕೆಲಸದಲ್ಲಿ ಇಪ್ಪತ್ತಾರು ವರ್ಷದ ಅನುಭವ ಇರುವವನು ನಾನು. ಸಂತೋಷದಿಂದ ಒಪ್ಪಿದೆ.

ಭಾನುವಾರ ಸಂಜೆ ಐದಕ್ಕೆ ಕಾರ್ಯಕ್ರಮ. ಮಡಗಾಂವಿನ ಒಂದು ಹಳೆಯ ಗೋದಾಮು, ಈಗ ಕಲೆಗೆ ಮೀಸಲು. ಮುಂದೆ ಪಣಜಿ ಕಡೆಯ ಕನ್ನಡಕದ ಜನ, ಇಬ್ಬರು ವಿದೇಶಿಯರು. ಹಿಂದೆ ಮೋತಿ ಡೊಂಗರಿನ ನಮ್ಮ ಹೆಂಗಸರು ಇಪ್ಪತ್ತು ಮಂದಿ. ಸುಂದರವ್ವ ಕೊನೆಯ ಸಲ ಅಳುತ್ತಾಳೆ ಎಂಬ ಸುದ್ದಿ ಹಬ್ಬಿತ್ತು. ನಾನು ಇಸ್ತ್ರಿ ಮಾಡಿದ ಧೋತರ, ರುಮಾಲು, ವಿಭೂತಿ, ಚೆಂಡುಹೂವಿನ ಹಾರ ಸಮೇತ ಗೋಡೆಗೆ ಒರಗಿ ಶವವಾದೆ. ಮುಂದಿನ ಸಾಲಿನವರು ನನ್ನ ಫೋಟೊ ತೆಗೆದರು. ಹೆಣ ನಗಬಾರದೆಂದು ಬಹಳ ಕಷ್ಟಪಟ್ಟೆ.

ಅಶ್ವಿನಿ ಬಾಯಿ ಮೊದಲು ಒಬ್ಬಳೇ ಹಾಡಿದಳು. ಮಾತಿಲ್ಲದ ಹಾಡು. ಉಸಿರು ಎಳೆದುಕೊಂಡದ್ದನ್ನೇ ಡಬ್ಬಿಗೆ ಹಾಕಿದಳು, ಅದು ತಿರುಗಿ ತಿರುಗಿ ಬಂತು, ಅದರ ಮೇಲೆ ತೆಳ್ಳಗೆ ಒಂದು ಎಳೆ. ನನಗೆ ಅವಳ ಹಾಡು ಎಂದೂ ಅರ್ಥವಾದದ್ದಿಲ್ಲ. ಆ ದಿನ ಮಾತ್ರ, ಒಂದು ಗಂಟಲು ಇದ್ದಷ್ಟು ಹೊತ್ತು ಏನೇನು ಮಾಡಬಹುದೋ ಎಲ್ಲವನ್ನೂ ಮಾಡಿ ಮುಗಿಸುವ ಅವಸರದಲ್ಲಿ ಇದ್ದಾಳೆ ಅನ್ನಿಸಿತು. ಆಮೇಲೆ ಸುಂದರವ್ವನನ್ನು ಕೈಹಿಡಿದು ಕರೆತಂದು ಮೈಕಿನ ಮುಂದೆ, ನನ್ನ ಎದುರಿಗೆ ಕೂರಿಸಿದಳು.

ನಾನು ಕಣ್ಣು ಮುಚ್ಚಿದೆ. ಪಟ್ಟಿ ಬಾಯಿಪಾಠ ಇತ್ತು. ಯಾವುದರಿಂದ ಶುರು ಮಾಡುತ್ತಾಳೋ ಎಂದು ಕಾದೆ.

"ಏನಂತ ಅಳಲೋ..." ಎಂದು ಎತ್ತಿದಳು. ದನಿ ಒಡೆಯಿತು. ಕೆಮ್ಮಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಅಂದಳು:

"ಏಳ್ರಿ."

ಹೆಣ ಒಂದು ಕಣ್ಣು ತೆರೆಯಿತು. "ಯಾಕ?"

"ನೂರಾ ಹನ್ನೆರಡು ಹೆಣಕ್ಕ ಅತ್ತೀನಿ ನಾ. ನನಗೊಬ್ಬರು ಅತ್ತದ್ದು ಕೇಳಬೇಕು. ಆ ಹಾರ ತಗೀರಿ, ಆ ಗ್ವಾಡಿ ನನಗ ಬಿಡ್ರಿ. ನೀವ ಅಳ್ರಿ."

"ಏ, ಗಂಡಸು ಹಾಡ್ಯಾಡಿ ಅಳ್ತಾನೇನ? ಮಂದಿ ಏನಂದಾರು?"

"ಮಂದಿ ಟಿಕೇಟ ತಗೊಂಡ ಬಂದಾರ. ಏಳ್ರಿ."

ಹಾರವನ್ನು ನನ್ನ ಕೊರಳಿಂದ ತೆಗೆದು ತನ್ನ ಕೊರಳಿಗೆ ಹಾಕಿಕೊಂಡು, ಗೋಡೆಗೆ ಒರಗಿ, ಕೈಗಳನ್ನು ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಆ ಹಾರ ಆಕೆಯ ಕೊರಳಲ್ಲಿ ಕಂಡ ಕೂಡಲೇ ಕಿತ್ತುಬಿಡೋಣ ಅನ್ನಿಸಿತು. ಆದರೂ ಇಪ್ಪತ್ತಾರು ವರ್ಷ ಶಿಸ್ತಿನ ಮನುಷ್ಯ, ಮೈಕಿನ ಮುಂದೆ ಕೂತೆ. ಎಷ್ಟು ಸಾವಿನ ಮನೆಯಲ್ಲಿ ಕೇಳಿಲ್ಲ ನಾನು? ಎತ್ತಿದೆ:

"ನನ್ನ ಸುಂದ್ರವ್ವಾ..."

ಅಶ್ವಿನಿ ಬಾಯಿ ಕಾಲಿನಿಂದ ಗುಂಡಿ ಒತ್ತಿದಳು. ನನ್ನ ಕೂಗು ಗೋದಾಮಿನ ಸುತ್ತ ತಿರುಗತೊಡಗಿತು. ಅದರ ಮೇಲೆ ನಾನು ಮುಂದಿನದು ಹೇಳಬೇಕು.

"ಕೆಂಪು ಸೀರಿ ಉಟಗೊಂಡ ಬರತಿದ್ದೆಲ್ಲ..."

"ಕೆಂಪು ನಿಮ್ಮವ್ವಗ ಸೇರ್ತಿತ್ತು," ಎಂದಿತು ಹೆಣ, ಕಣ್ಣು ತೆರೆಯದೆ. "ನಾ ಯಾವಾಗ ಉಟ್ಟೀನಿ?"

ಹಿಂದೆ ಹೆಂಗಸರು ಕಿಸಕ್ಕೆಂದರು. ಬಾಯಿ ಅದನ್ನೂ ಡಬ್ಬಿಗೆ ಹಾಕಿದಳು.

"ಎಣ್ಣಿಗಾಯಿ ಅಂದ್ರ ಪ್ರಾಣ ಬಿಡತಿದ್ದೆಲ್ಲ..."

"ಅದು ನಿಮಗ. ನನಗ ಬದನಿಕಾಯಿ ತಿಂದ್ರ ಮೈ ತುರಸ್ತೈತಿ. ಲಗ್ನಾಗಿ ಮೂವತ್ನಾಕು ವರ್ಷ ಆತು."

"ಸಂತಿಗೆ ಹೋದ್ರ ಜಿಲೇಬಿ..."

"ಅದೂ ನೀವ."

ಗೋದಾಮು ಹೋ ಎಂದು ನಕ್ಕಿತು. ಕನ್ನಡ ಬಾರದ ವಿದೇಶಿಯರೂ ನಕ್ಕರು. ಸುತ್ತಲೂ ನನ್ನದೇ ದನಿ, ಹತ್ತು ಗುರುಲಿಂಗರು ಹತ್ತು ಮೂಲೆಯಿಂದ "ನನ್ನ ಸುಂದ್ರವ್ವಾ, ನನ್ನ ಸುಂದ್ರವ್ವಾ" ಎಂದು ಕರೆಯುತ್ತಿದ್ದಾರೆ. ಕರೆದ ಮೇಲೆ ಏನು ಹೇಳಬೇಕೋ ಒಬ್ಬನಿಗೂ ಗೊತ್ತಿಲ್ಲ. ನಾನು ಹುಡುಕಿದೆ, ಓದುಗರೇ, ಖರೇ ಹೇಳುತ್ತೇನೆ, ತಲೆಯೊಳಗೆ ಎಲ್ಲ ಕಡೆ ಹುಡುಕಿದೆ. ಆಕೆ ಮಾಡುವ ರೊಟ್ಟಿ ಗೊತ್ತು, ಉಣ್ಣುವುದು ಗೊತ್ತಿಲ್ಲ. ಆಕೆ ಒಗೆಯುವ ಬಟ್ಟೆ ಗೊತ್ತು, ಉಡಬೇಕೆಂದಿದ್ದ ಬಟ್ಟೆ ಗೊತ್ತಿಲ್ಲ. ನಗು ಒಂದೊಂದೇ ಕಡೆಯಿಂದ ನಿಂತಿತು. ಹಿಂದಿನ ಹೆಂಗಸರು ಯಾಕೋ ತಮ್ಮ ತಮ್ಮ ಕಾಲುಬೆರಳು ನೋಡತೊಡಗಿದರು.

"ನನಗ ಗೊತ್ತಿಲ್ಲ," ಅಂದೆ ಮೈಕಿನಲ್ಲಿ. "ನನಗ ಏನೂ ಗೊತ್ತಿಲ್ಲ ಸುಂದ್ರವ್ವ."

ಸುಂದರವ್ವ ಕಣ್ಣು ತೆರೆದಳು. ಸಿಟ್ಟಿರಲಿಲ್ಲ. ದಡ್ಡ ಹುಡುಗನಿಗೆ ಮಗ್ಗಿ ಹೇಳಿಕೊಡುವ ಮಾಸ್ತರರ ಮುಖ. ಒಡಕು ದನಿಯಲ್ಲಿ, ರಾಗ ಸಮೇತ, ನನಗಷ್ಟೇ ಎಂಬಂತೆ ಶುರು ಮಾಡಿದಳು. "ನಾ ಅಂದಂಗ ಅನ್ರಿ."

"ಹಸರ ಇಳಕಲ್ಲ ಸೀರಿ ಅಂಗಡ್ಯಾಗ ಮುಟ್ಟಿ ಮುಟ್ಟಿ ಬರತಿದ್ದೆಲ್ಲವ್ವಾ..."

ನಾನು ಅಂದೆ.

"ಸೈಕಲ್ಲಿನ ಪದೇರನ ಪೊಯ್ ರೊಟ್ಟಿ ಚಾದಾಗ ಎದ್ದಿ, ಯಾರೂ ಇಲ್ಲದಾಗ ತಿಂತಿದ್ದೆಲ್ಲವ್ವಾ..."

ಅಂದೆ. ಸೈಕಲ್ಲಿನಲ್ಲಿ ಬ್ರೆಡ್ಡು ಮಾರುವ ಪದೇರನಿಂದ ಮನೆಗೆ ಪೊಯ್ ತಂದರೆ ಕ್ರಿಸ್ತಾಂವರ ರೊಟ್ಟಿ ಎಂದು ಬಯ್ಯುತ್ತಿದ್ದವನು ನಾನೇ.

"ಕೋಲ್ವಾದ ಸಮುದ್ರದಾಗ ಎರಡ ಹೆಜ್ಜಿ ಇಟ್ಟಿದ್ದೆ, ಬಸ್ ಬಂತಂತ ಎಳಕೊಂಡ ಬಂದ್ರೆಲ್ಲವ್ವಾ..."

ಅಂದೆ. ಅದು ನನಗೆ ನೆನಪಿತ್ತು. ಬಸ್ಸಷ್ಟೇ ನೆನಪಿತ್ತು.

"ಊರ ಮಂದಿಗೆಲ್ಲ ಅತ್ತಿ, ನಿನ್ನ ಹಡದವ್ವನ ಮಣ್ಣಿಗೆ ಮುಟ್ಟಲಿಲ್ಲೆಲ್ಲವ್ವಾ, ಗೇಟಿನ ಸಾಹೇಬರಿಗೆ ರಜಾ ಇರಲಿಲ್ಲೆಲ್ಲವ್ವಾ..."

ಅನ್ನಲಾಗಲಿಲ್ಲ. ಪಟ್ಟಿಯ ಮೊದಲನೆಯ ಸದ್ಗುಣ ಅದು. ಆಕೆ ಕಾದಳು. ಯಂತ್ರವೂ ಕಾಯುತ್ತಿದೆ ಅನ್ನಿಸಿತು. ಕಡೆಗೆ ಅಂದೆ, ಅರ್ಧ ಅಂದೆ, ಉಳಿದರ್ಧ ಬರೀ ಅಳು. ಹಿಂದಿನ ಇಪ್ಪತ್ತೂ ಹೆಂಗಸರು ಒಟ್ಟಿಗೆ ದನಿ ಎತ್ತಿದರು. ಅಶ್ವಿನಿ ಬಾಯಿ ಗುಂಡಿಗಳನ್ನು ಬಿಟ್ಟು ನೆಲದ ಮೇಲೆ ಕೂತು ಅಳುತ್ತಿದ್ದಳು. ಒಣಗಣ್ಣಿನಲ್ಲಿ ಕೂತಿದ್ದವಳು ಸುಂದರವ್ವ ಒಬ್ಬಳೇ. ಎಲ್ಲ ಮುಗಿದ ಮೇಲೆ ಹಾರ ತೆಗೆದು ಮಡಚುತ್ತ ಅಂದಳು: "ರಾಗ ಇಲ್ಲ. ಆದರೂ ಅಡ್ಡಿಯಿಲ್ಲ."

ಗುರುವಾರ ಆಪರೇಷನ್ ಆಯಿತು. ಒಳಗೆ ಕರೆದೊಯ್ಯುವ ಮೊದಲು ನನ್ನನ್ನು ಕರೆದು ಆಕೆ ಆಡಿದ ಕಡೆಯ ಮಾತು, ಚರಿತ್ರೆಯಲ್ಲಿ ದಾಖಲಾಗಲಿ ಎಂದು ಬರೆಯುತ್ತಿದ್ದೇನೆ: "ಸಿಲಿಂಡರ ಬಂದ್ ಮಾಡೀರೇನು?" ಮಾಡಿರಲಿಲ್ಲ.

ಈಗ ಮೂರು ತಿಂಗಳಾಯಿತು. ಜೀವ ಉಳಿದಿದೆ. ಕತ್ತಿನಲ್ಲಿ ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಕೊಳವೆಯಲ್ಲಿ ಉಸಿರಾಡುವ ಸದ್ದು ಬಿಟ್ಟರೆ ಮನೆ ನಿಶ್ಶಬ್ದ. ಮೂವತ್ತನಾಲ್ಕು ವರ್ಷ ನಾನು ಬೇಡಿಕೊಂಡ ನಿಶ್ಶಬ್ದ ಅದು. ಈಗ ಅದರ ನಡುವೆ ಕೂತು ಎರಡು ಹೊತ್ತು ಉಣ್ಣುವುದೂ ಆಗುವುದಿಲ್ಲ. ದಿನಾ ಬೆಳಗ್ಗೆ ಪದೇರನಿಂದ ಪೊಯ್ ತರುತ್ತೇನೆ, ಮೆತ್ತಗೆ ಚಹಾದಲ್ಲಿ ಅದ್ದಿ ಕೊಡುತ್ತೇನೆ. ಈಗ ನನಗೆ ಕೇಳುವ ಚಟ ಹತ್ತಿದೆ. ನಿನಗೆ ಯಾವ ಹೂವು ಸೇರುತ್ತದೆ, ನಿನ್ನ ತವರಿನ ಎಮ್ಮೆಯ ಹೆಸರೇನು, ನಿನಗೆ ನನ್ನ ಮೇಲೆ ಯಾವಾಗಲಾದರೂ ಪ್ರೀತಿ ಬಂದಿತ್ತೇ ಎಂದೆಲ್ಲ ಕೇಳುತ್ತೇನೆ. ಆಕೆ ಬರೆಯಲು ಕಲಿತವಳಲ್ಲ. ಹೋಗ್ರಿ ಅತ್ಲಾಗ ಎಂಬಂತೆ ಕೈ ಬೀಸುತ್ತಾಳೆ. ಕೊನೆಯ ಪ್ರಶ್ನೆಗೆ ಮಾತ್ರ ಬೇರೆ ತರಹ ಬೀಸಿದಳು. ಅದರ ಅರ್ಥ ನನಗೆ ಇನ್ನೂ ಆಗಿಲ್ಲ.

ಅಶ್ವಿನಿ ಬಾಯಿ ಆ ಭಾನುವಾರದ್ದನ್ನು ಒಂದು ದೊಡ್ಡ ಹಾಡಾಗಿ ಕಟ್ಟಿದ್ದಾಳೆ. ಮಂದಿಗೆ ಕೇಳಿಸಲೇ ಎಂದು ಸುಂದರವ್ವನನ್ನು ಕೇಳಿದಾಗ, ತನ್ನ ಪಾಲನ್ನು ಬೇಡವೆಂದು ಸನ್ನೆ ಮಾಡಿ, ನನ್ನ ಕಡೆ ಬೆರಳು ತೋರಿಸಿ, ಧಾರಾಳವಾಗಿ ತಲೆಯಾಡಿಸಿದಳು. ಹಾಗಾಗಿ ಈಗ ಊರೂರಿನಲ್ಲಿ ಕೇಳುತ್ತಿರುವುದು ನನ್ನ ಕೆಂಪು ಸೀರೆ, ನನ್ನ ಎಣ್ಣೆಗಾಯಿ, ನನ್ನ ಜಿಲೇಬಿ ಮತ್ತು "ನನಗ ಏನೂ ಗೊತ್ತಿಲ್ಲ". ಹೋದ ವಾರ ಅದು ಜರ್ಮನಿಗೆ ಹೋಗಿತ್ತಂತೆ. ನಾನು ಕೊಲ್ಹಾಪುರ ದಾಟಿದವನಲ್ಲ, ನನ್ನ ದಡ್ಡತನ ವಿಮಾನ ಹತ್ತಿದೆ.

ಮೊನ್ನೆ ತರಕಾರಿ ಮಾರುತ್ತಿದ್ದ ಫೂಲಿಬಾಯಿ ತೀರಿಕೊಂಡಳು. ಸುಂದರವ್ವ ಸೀರೆ ಬದಲಿಸಿ ಹೊರಟಳು. ದನಿ ಇಲ್ಲದೆ ಹೋಗಿ ಏನು ಮಾಡುತ್ತಾಳೆ ಎಂದು ಯೋಚಿಸುವಷ್ಟರಲ್ಲಿ ನನ್ನ ಅಂಗಿಯ ತೋಳು ಹಿಡಿದು ಎಳೆದಳು. ಅಲ್ಲಿ ಹೆಂಗಸರ ನಡುವೆ ನನ್ನನ್ನು ಕೂರಿಸಿ, ಪಕ್ಕದಲ್ಲಿ ತಾನು ಕೂತು, ತೊಡೆಗೆ ಒಂದು ತಿವಿದಳು. ಅರವತ್ತೊಂದನೆಯ ವಯಸ್ಸಿನಲ್ಲಿ ನನಗೆ ಹೊಸ ನೌಕರಿ ಸಿಕ್ಕಿದ್ದು ಆಗ ತಿಳಿಯಿತು.

"ಬುಟ್ಟಿ ಹೊತ್ತು ಬರತಿದ್ದೆಲ್ಲ ಫೂಲಿಬಾಯೀ..." ಎಂದು ಎತ್ತಿದೆ. ಹುಡುಗಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ಎಲ್ಲಾರಿಗೂ ಕೊತ್ತಂಬರಿ ಪುಗಸಟ್ಟೆ ಕೊಡತಿದ್ದೆಲ್ಲ..."

ಫೂಲಿಬಾಯಿ ಯಾರಿಗೂ ಒಂದು ಕಡ್ಡಿ ಕೊತ್ತಂಬರಿ ಪುಕ್ಕಟೆ ಕೊಟ್ಟವಳಲ್ಲ. ತಪ್ಪು ಕೇಳಿದ್ದೇ ತಡ, ಸುಂದರವ್ವ ಅಭ್ಯಾಸಬಲದಿಂದ ನೆಟ್ಟಗಾಗಿ, ಬಾಯಿ ತೆರೆದು, ಸರಿಯಾದದ್ದನ್ನು ರಾಗದಲ್ಲಿ ಎತ್ತಿದಳು. ತುಟಿ ಆಡಿತು. ಕತ್ತಿನ ಬಟ್ಟೆ ಮಾತ್ರ ಪುಸ್ಸೆಂದು ಅಲುಗಿತು. ಸಾಲಿನ ಹೆಂಗಸರೆಲ್ಲ ಅದನ್ನು ನೋಡಿದರು. ಸುಂದರವ್ವ ತೆರೆದ ಬಾಯಿಯನ್ನು ಮುಚ್ಚುವುದನ್ನೂ ಮರೆತು ಕೂತಿದ್ದಳು.

ನಾನು ಇನ್ನೂ ಗಟ್ಟಿಯಾಗಿ ಕೂಗಿದೆ. ಕೊತ್ತಂಬರಿ ಅಷ್ಟೇ ಅಲ್ಲ, ಕರಿಬೇವೂ ಪುಗಸಟ್ಟೆ ಕೊಡುತ್ತಿದ್ದಳೆಂದು ಕೂಗಿದೆ, ಹಸಿಮೆಣಸಿನಕಾಯಿ ಬುಟ್ಟಿಗಟ್ಟಲೆ ಹಂಚುತ್ತಿದ್ದಳೆಂದು ಕೂಗಿದೆ, ಬಾಯಿಗೆ ಬಂದ ಸುಳ್ಳೆಲ್ಲ ಕೂಗಿದೆ. ಎಲ್ಲರೂ ನನ್ನ ಕಡೆ ತಿರುಗಿ ನಗಲಿ, ಆಕೆಯ ಕಡೆ ಯಾರೂ ನೋಡದಿರಲಿ ಎಂದು. ನಕ್ಕರು. ಸಾವಿನ ಮನೆಯಲ್ಲಿ ಅಷ್ಟು ನಕ್ಕದ್ದು ಮೋತಿ ಡೊಂಗರಿನಲ್ಲಿ ಇದೇ ಮೊದಲಂತೆ.

ಸುಂದರವ್ವ ನನ್ನ ತೊಡೆ ಚಿವುಟಿದಳು. ಬಹಳ ಜೋರಾಗಿ ಚಿವುಟಿದಳು. ಆಮೇಲೆ ಆ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.